ಮುಟ್ಟದೆ ಅಳೆದವರು

ಮೂರು ವರ್ಷದ ಹಿಂದೆ ನನ್ನ ಮಗಳಿಗೆ ಏನೂ ಮಾಡದೆ ಕೂರುವುದನ್ನು ನಾನೇ ಕಲಿಸಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಬಚ್ಚಿಟ್ಟಿದ್ದಳು ಅನ್ನುತ್ತೀರಿ.

ಆಗ ಮೋನಿಷಾಗೆ ಆರು ವರ್ಷ. ಹುಟ್ಟುವಾಗ ಉಸಿರು ಕಟ್ಟಿತು, ಮೆದುಳಿಗೆ ಪೆಟ್ಟಾಯಿತು. ಸೆರೆಬ್ರಲ್ ಪಾಲ್ಸಿ ಅಂದರು. ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬೀಳುತ್ತವೆ. ಎಡಗೈ ಮುಷ್ಟಿ ಬಿಚ್ಚುವುದಿಲ್ಲ. ಬಲಗೈ ಬಿಚ್ಚುತ್ತದೆ, ಅದಕ್ಕೆ ಮನಸ್ಸು ಬಂದಾಗ. ಬಾಯಿಂದ ಬರುವುದು ಬರೀ ದನಿ. ಹೌದು ಅನ್ನಲು ಕಣ್ಣು ಮೇಲೆತ್ತುತ್ತಾಳೆ. ಇಲ್ಲ ಅನ್ನಲು ಮುಖ ತಿರುಗಿಸುತ್ತಾಳೆ. ಇಷ್ಟು ತಿಳಿದುಕೊಂಡರೆ ಅವಳ ಜೊತೆ ಇಡೀ ದಿನ ಜಗಳವಾಡಬಹುದು. ನಾನು ಆಡುತ್ತೇನೆ. ಹೆಚ್ಚಿನ ಸಲ ಅವಳೇ ಗೆಲ್ಲುತ್ತಾಳೆ.

ಅಂಗವಿಕಲರ ಕಾರ್ಡಿಗೆ ದೊಡ್ಡಬಳ್ಳಾಪುರದಲ್ಲಿ ಕ್ಯಾಂಪು ಅಂತ ಗೊತ್ತಾಯಿತು. ನಮ್ಮೂರು ಸಾಸಲು ಕಡೆ. ಹಿಂದಿನ ದಿನ ಪಕ್ಕದೂರಿನ ಅಮ್ಮಯಮ್ಮ ಮನೆಗೆ ಬಂದಳು. ಮೊಮ್ಮಗ ಬೈರೇಶನಿಗೂ ಇದೇ ಕಾಯಿಲೆ. ಅವನನ್ನು ಎತ್ತಿಕೊಂಡು ಎರಡು ಕ್ಯಾಂಪು ಮುಗಿಸಿದವಳು.

"ಪ್ರಮೋದಾ, ನೀನು ಬಿಎ ಓದಿರಬೌದು. ಕ್ಯಾಂಪು ಓದಿಲ್ಲ" ಅಂದಳು. "ನಾಳೆ ಬೆಳಿಗ್ಗೆ ಕಾಲು ನೀವಬೇಡ. ಬಿಗಿಯಾಗೇ ಇರ್ಲಿ. ಡಾಕ್ಟ್ರು ಪೆನ್ನು ಕೊಟ್ರೆ ಈಸ್ಕೋಬಾರ್ದು. ಮೂಗಿನ ಮುಂದೆ ಬಿಸ್ಕತ್ತು ಹಿಡಿದ್ರೂ ಕೈ ಎತ್ತಬಾರ್ದು. ಎತ್ತಿದ್ಲೋ, ಪರ್ಸೆಂಟು ಇಳೀತು ಅನ್ಕೊ."

ಇದು ನಮ್ಮ ಕಡೆ ಇಂಥ ಮಕ್ಕಳಿರುವ ಎಲ್ಲ ಮನೆಗೂ ಗೊತ್ತು. ಕ್ಯಾಂಪಿನ ವಾರ ವ್ಯಾಯಾಮ ನಿಲ್ಲಿಸುತ್ತಾರೆ. ಕೆಲವರು ಬೆಳಿಗ್ಗೆ ಊಟ ಕೊಡುವುದಿಲ್ಲ, ಮಗು ಸೋತು ಜೋಲಲಿ ಅಂತ. ಕೇಳಿದರೆ ನಿಮಗೆ ಅಸಹ್ಯವಾಗಬಹುದು. ಮಗು ಎಷ್ಟು ಕೆಟ್ಟಿದೆ ಅಂತ ತೋರಿಸುತ್ತೀರೋ ಅಷ್ಟು ಕೊಡುತ್ತೇವೆ ಅಂತ ನಿಯಮ ಬರೆದವರ ಮೇಲೆ ಆ ಅಸಹ್ಯ ಬರಲಿ.

ಅವತ್ತು ಸಂಜೆ ನಾನು ಮೋನಿಷಾನ ಮುಂದೆ ಕೂತು ಬಿಸ್ಕತ್ತು ಹಿಡಿದೆ. ಅವಳು ಕೈ ಚಾಚಿದಳು. ಹಾಗೆ ಚಾಚುವುದನ್ನು ಕಲಿಯಲು ಅವಳಿಗೆ ಒಂದೂವರೆ ವರ್ಷ ಹಿಡಿದಿತ್ತು. ಆ ಕೈಗೆ ಹೊಡೆದೆ. ಮತ್ತೆ ಹಿಡಿದೆ. ಮತ್ತೆ ಚಾಚಿದಳು. ಮತ್ತೆ ಹೊಡೆದೆ. ಏಳನೆಯ ಸಲ ಚಾಚಲಿಲ್ಲ. "ಜಾಣೆ" ಅಂದೆ. ಬಿಸ್ಕತ್ತನ್ನು ಬಾಯಿಗೆ ಇಟ್ಟೆ. ಅವಳು ಅಗಿಯದೆ ನನ್ನ ಮುಖ ನೋಡುತ್ತಿದ್ದಳು.

ಮಾರನೆಯ ದಿನ ಡಾಕ್ಟರು ಪೆನ್ನು ಹಿಡಿದರು. ಅವಳು ಕೈ ಎತ್ತಲಿಲ್ಲ. ತೊಂಬತ್ತು ಪರ್ಸೆಂಟು ಬಂತು. ಕಾಗದದಲ್ಲಿ ಒಂದು ಸಾಲು ಇತ್ತು. ಸಂಪೂರ್ಣ ಪರಾವಲಂಬಿ, ಸ್ವತಃ ಏನನ್ನೂ ಮಾಡಲಾರಳು. ನನ್ನ ಗಂಡ ಅಂಬರೀಶ್ ಅದನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು. ಪಿಂಚಣಿ ಶುರುವಾಯಿತು. ಮೋನಿಷಾ ಮತ್ತೆ ಕೈ ಚಾಚಲು ನಾಲ್ಕು ತಿಂಗಳಾಯಿತು.

ಆಮೇಲೆ ಮೂರು ವರ್ಷ ಕೆಲಸ. ಕೆಲಸ ಅಂತಲೇ ಅನ್ನುತ್ತೇನೆ. ತಾಯಿಯ ತ್ಯಾಗ, ತಾಯಿಯ ಮಮತೆ ಅಂತ ಅನ್ನುವವರಿದ್ದಾರೆ. ಅವರು ಒಂದು ದಿನ ಬಂದು ಅವಳ ಕಾಲು ನೀವಿ ನೋಡಲಿ. ಬಿಗಿದ ಕಾಲನ್ನು ಬಲವಂತವಾಗಿ ಬಿಡಿಸುವಂತಿಲ್ಲ. ಹಿಡಿದುಕೊಂಡು ಕಾಯಬೇಕು. ಸ್ನಾಯು ತಾನಾಗಿ ಸಡಿಲವಾಗುವವರೆಗೆ ಕಾಯಬೇಕು. ಅಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಒಂದು ಕಾಲು ಮುಗಿದರೆ ಇನ್ನೊಂದು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ.

ಗೋಡೆಗೆ ಒರಗಿಸಿ, ಎರಡು ಕಡೆಯೂ ರಾಗಿ ಮೂಟೆ ಇಟ್ಟು ಕೂರಿಸಿದೆ. ಒಂದು ವರ್ಷದ ಮೇಲೆ ಮೂಟೆ ಬೇಡವಾಯಿತು. ಒಂದು ಕೈ ನೆಲಕ್ಕೆ ಊರಿ ತಾನೇ ಕೂತಳು. ಚಮಚದ ಹಿಡಿಗೆ ಹಳೇ ಸೀರೆಯ ಅಂಚು ಸುತ್ತಿ ದಪ್ಪ ಮಾಡಿಕೊಟ್ಟೆ. ಅನ್ನ ಅರ್ಧ ನೆಲಕ್ಕೆ, ಸ್ವಲ್ಪ ಕೂದಲಿಗೆ, ಉಳಿದದ್ದು ಬಾಯಿಗೆ. ಒಂದು ಊಟಕ್ಕೆ ಐವತ್ತು ನಿಮಿಷ. ನಮ್ಮತ್ತೆ ಮುತ್ಯಾಲಮ್ಮ, "ತಿನ್ಸಿಬಿಟ್ರೆ ಐದು ನಿಮಿಷ, ಇದೇನೇ ನಿಂದು ಹಟ" ಅನ್ನುತ್ತಿದ್ದರು. ಅನ್ನುತ್ತಲೇ ನೆಲ ಒರೆಸುತ್ತಿದ್ದರು.

ಮೂರನೆಯ ವರ್ಷ ಮೊಣಕೈ ಊರಿ ತೆವಳಿದಳು. ಅಡಿಗೆಮನೆಯಿಂದ ಹೊಸ್ತಿಲವರೆಗೆ. ಮೊಣಕೈ ತರಚಿ ರಕ್ತ ಬಂತು, ಆಮೇಲೆ ಚರ್ಮ ದಪ್ಪವಾಯಿತು. ಹಳೇ ಕ್ಯಾಲೆಂಡರಿನ ಹಿಂದೆ ಅಕ್ಷರ ಬರೆದು ಗೋಡೆಯ ಕೆಳಭಾಗಕ್ಕೆ ಅಂಟಿಸಿದ್ದೆ. ಒಂದು ದಿನ ಬೆರಳಿನ ಗೆಣ್ಣಿನಿಂದ ಎರಡು ಅಕ್ಷರ ಕುಟ್ಟಿ ತೋರಿಸಿದಳು. ಸಾ. ಕು. ನಾನು ಅವಳ ಕಾಲು ನೀವುತ್ತಿದ್ದೆ. ಅವಳು ಕಟ್ಟಿದ ಮೊದಲ ಮಾತು ಅದು. ನಿಲ್ಲಿಸಿದೆ.

ಇಷ್ಟಾದರೂ ಅವಳು ಶಾಲೆಯ ಒಳಗೆ ಕಾಲಿಟ್ಟಿರಲಿಲ್ಲ. ಹೆಸರು ಮಾತ್ರ ನಮ್ಮೂರ ಶಾಲೆಯ ನಾಲ್ಕನೇ ತರಗತಿಯ ಹಾಜರಿ ಪುಸ್ತಕದಲ್ಲಿತ್ತು. ಮಗು ಮನೆಯಲ್ಲಿತ್ತು. ಇದಕ್ಕೆ ಗೃಹಾಧಾರಿತ ಶಿಕ್ಷಣ ಅನ್ನುತ್ತಾರೆ. ವಾರಕ್ಕೊಂದು ಸಲ ಚೈತ್ರ ಅನ್ನುವ ಟೀಚರು ಮನೆಗೆ ಬರುತ್ತಾಳೆ. ಅರ್ಧ ಗಂಟೆ ಇರುತ್ತಾಳೆ. ಫೋಟೋ ತೆಗೆದು ಕಳಿಸುತ್ತಾಳೆ. ಅವಳೊಬ್ಬಳಿಗೇ ನಲವತ್ತು ಮಕ್ಕಳು, ನಲವತ್ತು ಊರು. ಪ್ರತಿ ವರ್ಷ ಮೋನಿಷಾಗೆ ಯೂನಿಫಾರಂ ಬರುತ್ತಿತ್ತು. ಹಾಕಿಕೊಂಡು ಹೋಗಲು ಶಾಲೆ ಇರಲಿಲ್ಲ.

ಈ ವರ್ಷ ಶಾಲೆ ಶುರುವಾದ ವಾರ ಹೆಡ್ ಮೇಷ್ಟ್ರು ಕೆಂಪರಾಜ್ ಅವರನ್ನು ನೋಡಲು ಹೋದೆ. ನಾಲ್ಕು ದಿನ ಮಾತು ಜೋಡಿಸಿಕೊಂಡಿದ್ದೆ. ಯಾವ ಪದ ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಅಂತ ಲೆಕ್ಕ ಹಾಕಿದ್ದೆ. ಕಾಲೋನಿಯ ಹೆಂಗಸಿಗೆ ಈ ಲೆಕ್ಕ ಹುಟ್ಟಿನಿಂದ ಬರುತ್ತದೆ. ನನಗೆ ಬಿಎ ಆದ ಮೇಲೂ ಹೋಗಿಲ್ಲ.

"ಸಾರ್, ಮೋನಿಷಾನ ಕ್ಲಾಸಿಗೆ ಕಳಿಸ್ತೀನಿ. ನಾನೇ ಎತ್ಕೊಂಡು ಬರ್ತೀನಿ."

"ಬಾತ್‌ರೂಮಿಗೆ ಬಂದ್ರೆ?"

"ನಾನು ಜಗಲಿ ಮೇಲೆ ಕೂತಿರ್ತೀನಿ ಸಾರ್. ನಾನೇ ಕರ್ಕೊಂಡು ಹೋಗ್ತೀನಿ."

"ನೀನು ದಿನಾ ಬಂದು ಇಲ್ಲಿ ಕೂತ್ರೆ ಊರೋರು ನನ್ನ ಸುಮ್ನೆ ಬಿಡ್ತಾರಾ? ನೀನಿಲ್ದೇ ಇರೋವಾಗ ಏನಾದ್ರೂ ಆದ್ರೆ? ಅಡಿಗೆಯವಳ ಕೈಲಿ ಎತ್ತಿಸ್ಲಾ? ಅವಳು ಮಕ್ಕಳಿಗೆಲ್ಲ ಬಡಿಸ್ಬೇಕಮ್ಮ. ಮುಟ್ತಾಳಾ?"

ಏನನ್ನು ಮುಟ್ಟುವುದಿಲ್ಲ ಅಂತ ಅವರು ಹೇಳಲಿಲ್ಲ. ಉಚ್ಚೆಯನ್ನೋ, ಕಾಯಿಲೆಯನ್ನೋ, ನಮ್ಮನ್ನೋ. ಮೂರೂ ಒಂದೇ ಮಾತಿನೊಳಗೆ ಇತ್ತು.

ಅವರು ಬೀರು ತೆಗೆದು ಲ್ಯಾಮಿನೇಷನ್ ಕಾಗದದ ಜೆರಾಕ್ಸ್ ತೆಗೆದರು. ಬೆರಳಿಟ್ಟು ಓದಿದರು. "ಸ್ವತಃ ಏನನ್ನೂ ಮಾಡಲಾರಳು. ನಾನು ಬರೆದಿದ್ದಲ್ಲ, ಡಾಕ್ಟ್ರು ಬರೆದಿದ್ದು. ಏನೂ ಮಾಡದ ಮಗೂನ ತಂದು ನನ್ನ ತಲೆ ಮೇಲೆ ಹಾಕಿದ್ರೆ ನಾನೇನ್ ಪಾಠ ಮಾಡ್ಲಿ?"

ಚೈತ್ರಳಿಗೆ ಹೇಳಿದೆ. "ಅಕ್ಕ, ಮುಂದಿನ ತಿಂಗಳು ಮಕ್ಕಳ ಸಾಮರ್ಥ್ಯ ನೋಡೋ ಕ್ಯಾಂಪಿದೆ. ಕೂರ್ತಾರಾ, ಕೈ ಬಳಸ್ತಾರಾ ಅಂತ ನೋಡಿ ಹೊಸದಾಗಿ ಬರೀತಾರೆ. ಮಾಡ್ತಾಳೆ ಅಂತ ಬಂದ್ರೆ ಹೆಡ್ ಮೇಷ್ಟ್ರು ಬೇಡ ಅನ್ನಂಗಿಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿದಳು. "ನಾನು ಹೇಳ್ದೆ ಅಂತ ಹೇಳ್ಬೇಡಿ ಅಕ್ಕ. ನಂದು ಕಾಂಟ್ರಾಕ್ಟು."

ಅತ್ತೆ ಮಾತ್ರ ನೇರವಾಗಿ ಹೇಳಿದರು. "ಮಾಡ್ತಾಳೆ ಅಂತ ತೋರಿಸಿದ್ರೆ ಕಾರ್ಡು ಕಿತ್ಕೋತಾರೆ. ಮಾಡಲ್ಲ ಅಂದ್ರೆ ಸ್ಕೂಲಿಗೆ ಸೇರಿಸಲ್ಲ. ಯಾವ್ದಾದ್ರೂ ಒಂದು ಸುಳ್ಳು ಹಿಡ್ಕೊಂಡು ಇದ್ಬಿಡೇ ತಾಯಿ."

ನಾನು ಮೋನಿಷಾನ ಮುಂದೆ ಕೂತೆ. ಪೆನ್ನು ಹಿಡಿದೆ. ಅವಳು ತೆಗೆದುಕೊಂಡಳು. "ಕ್ಯಾಂಪಲ್ಲೂ ಹಿಂಗೇ ಈಸ್ಕೋಬೇಕು. ಎಲ್ಲಾ ತೋರಿಸ್ಬೇಕು. ಗೊತ್ತಾಯ್ತಾ?" ಕಣ್ಣು ಮೇಲೆತ್ತಿದಳು. ನಾಲ್ಕು ದಿನ ಹೇಳಿದೆ. ನಾಲ್ಕು ದಿನವೂ ಕಣ್ಣು ಮೇಲೆತ್ತಿದಳು.

ಕ್ಯಾಂಪು ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಎಂಟು ಗಂಟೆಗೆ ಬನ್ನಿ ಅಂದಿದ್ದರು. ಏಳೂವರೆಗೆ ಹೋದೆವು. ಅವಳ ತೂಕ ಹತ್ತೊಂಬತ್ತು ಕಿಲೋ. ಬಸ್‌ಸ್ಟ್ಯಾಂಡಿನಿಂದ ಹೆಗಲ ಮೇಲೆ ಹಾಕಿಕೊಂಡು ನಡೆದೆ. ಕಾಲು ಬಿಗಿದಾಗ ಅವಳ ಮಂಡಿ ನನ್ನ ಪಕ್ಕೆಗೆ ಗುದ್ದುತ್ತದೆ.

ಮಕ್ಕಳನ್ನು ನೋಡುವ ಮೇಜು ವೇದಿಕೆಯ ಮೇಲಿತ್ತು. ಮದುಮಕ್ಕಳು ಕೂರುವ ಜಾಗ. ಹತ್ತಲು ಐದು ಮೆಟ್ಟಿಲು. ನಡೆಯಲಾಗದ ಮಕ್ಕಳನ್ನು ಅಳೆಯಲು ಮೆಟ್ಟಿಲು ಹತ್ತಿಸುವ ಜಾಗ ಹುಡುಕಿದ್ದರು. ಪಕ್ಕದಲ್ಲಿ ಪ್ಲಾಸ್ಟಿಕ್ ಸುತ್ತಿದ ಗಾಲಿಕುರ್ಚಿಗಳು ಸಾಲಾಗಿದ್ದವು. ಎಲ್ಲ ಒಂದೇ ಅಳತೆ, ದೊಡ್ಡವರ ಅಳತೆ. ಅವನ್ನು ಹಂಚಲು ಮುಖ್ಯ ಅತಿಥಿ ಬರಬೇಕಿತ್ತು. ಅವರು ಬರುವವರೆಗೆ ತಪಾಸಣೆ ಶುರುವಾಗುವಂತಿರಲಿಲ್ಲ. ಮೈಕಿನಲ್ಲಿ ಯಾರೋ ಹಲೋ, ಚೆಕ್ ಅನ್ನುತ್ತಲೇ ಇದ್ದರು. ಪ್ರತಿ ಸಲ ಮೈಕು ಕಿರುಚಿದಾಗಲೂ ಹಾಲಿನ ತುಂಬ ಮಕ್ಕಳು ಬೆಚ್ಚಿ ಬಿಲ್ಲಿನ ಹಾಗೆ ಬಾಗುತ್ತಿದ್ದರು. ಯಾರೂ ಮೈಕು ಆರಿಸಲಿಲ್ಲ.

ಹತ್ತು ಗಂಟೆಗೆ ಮೋನಿಷಾ ಮುಖದಲ್ಲೇ ಹೇಳಿದಳು, ಬರುತ್ತಿದೆ ಅಂತ. ಎತ್ತಿಕೊಂಡು ಓಡಿದೆ. ಕಕ್ಕಸಿನ ಬಾಗಿಲು ಕಿರಿದು. ಅವಳ ಕಾಲು ಅಡ್ಡ ಸಿಕ್ಕಿಕೊಂಡಿತು. ವಧುವಿನ ಕೋಣೆಗೆ ಬೀಗ. ಊಟದ ಹಾಲಿನ ಹಿಂದೆ ಕೈ ತೊಳೆಯುವ ತೊಟ್ಟಿಯ ಕೆಳಗೆ ನೆಲದ ಮೇಲೆ ಮಲಗಿಸಿ ಬಟ್ಟೆ ಬದಲಿಸಿದೆ. ಅಡಿಗೆ ಗುತ್ತಿಗೆಯವರು ಮೂವರು ಸೌತೆಕಾಯಿ ಹೆಚ್ಚುತ್ತ ನೋಡುತ್ತಿದ್ದರು. ಒಬ್ಬನೂ ಮುಖ ತಿರುಗಿಸಲಿಲ್ಲ. ಮೋನಿಷಾಗೆ ಒಂಬತ್ತು ವರ್ಷ. ಅವಳು ಕಣ್ಣು ಮುಚ್ಚಿಕೊಂಡಳು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಅದಕ್ಕೆ ನಮ್ಮಲ್ಲಿ ಮಾತು ಇರಲಿಲ್ಲ.

ಹಾಲಿಗೆ ವಾಪಸು ಬಂದಾಗ ಅಮ್ಮಯಮ್ಮ ಪಕ್ಕದಲ್ಲಿ ಬೈರೇಶನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವನಿಗೆ ಬೆಳಿಗ್ಗೆಯಿಂದ ಏನೂ ಕೊಟ್ಟಿರಲಿಲ್ಲ.

"ತೋರಿಸ್ತೀನಿ ಅಂತ ಬಂದಿದೀಯಂತೆ" ಅಂದಳು.

"ಹೌದಮ್ಮ."

"ನಿನ್ನ ಮಗಳು ಪೆನ್ನು ಹಿಡಿದ್ರೆ ಆ ಡಾಕ್ಟ್ರು ಮುಂದಿನ ಮಗೂಗೂ ಪೆನ್ನು ಹಿಡ್ಸಿ ನೋಡ್ತಾನೆ. ಎರಡು ಸಲ, ಮೂರು ಸಲ ನೋಡ್ತಾನೆ. ಇವನನ್ನ ಚಿವುಟಿ ನೋಡ್ತಾನೆ. ಯೋಚ್ನೆ ಮಾಡಿದ್ಯಾ?"

ಮಾಡಿರಲಿಲ್ಲ. ಅವಳು ಸುಮ್ಮನಾಗಲಿಲ್ಲ. "ನಿನಗೆ ಗಂಡ ಅವ್ನೆ, ಫ್ಯಾಕ್ಟ್ರಿ ಗಾಡಿ ಓಡಿಸ್ತಾನೆ. ಸ್ಕೂಲು ಗೀಲು ಅಂತೀಯ. ನನಗೆ ಈ ಪಿಂಚಣೀಲೇ ಗಂಜಿ ಕಣೇ."

ಹನ್ನೆರಡೂವರೆಗೆ ಅತಿಥಿ ಬಂದರು. ಹಾರ ಹಾಕಿಸಿಕೊಂಡರು. ದೇವರ ಮಕ್ಕಳು ಅಂತ ಭಾಷಣ ಮಾಡಿದರು. ಒಂದು ಮಗುವನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಸಿಕೊಂಡರು. ಆ ಮಗು ಕುರ್ಚಿಯಲ್ಲಿ ಒಂದು ಕಡೆಗೆ ಜಾರಿ ಬೀಳುತ್ತಿತ್ತು. ಫೋಟೋ ಮುಗಿದ ಮೇಲೆ ತಾಯಿ ಎತ್ತಿಕೊಂಡಳು. ನಾವು ಮೆಟ್ಟಿಲು ಹತ್ತುವಾಗ ಒಂದು ಗಂಟೆ ದಾಟಿತ್ತು.

ಡಾಕ್ಟರಿಗೆ ಮೂವತ್ತು ಇರಬಹುದು. ಒಳ್ಳೆಯ ಶರ್ಟು. ಎದುರಿಗೆ ಕಬ್ಬಿಣದ ಮಡಿಚುವ ಕುರ್ಚಿ. ಅದರಲ್ಲಿ ಮೋನಿಷಾನ ಕಾಲು ನೆಲಕ್ಕೆ ಎಟುಕುವುದಿಲ್ಲ. ಕಾಲು ಊರದಿದ್ದರೆ ಮೈ ನಿಲ್ಲುವುದಿಲ್ಲ, ಮೈ ನಿಲ್ಲದಿದ್ದರೆ ಕೈ ಕೇಳುವುದಿಲ್ಲ. ಇದು ನನಗೆ ಗೊತ್ತು. ಡಾಕ್ಟರಿಗೆ ಗೊತ್ತಿರಬೇಕಾದದ್ದು. ನಾನು ಹಿಂದಿನಿಂದ ಅವಳ ಎದೆ ಹಿಡಿದು ನಿಂತೆ. ಹೆಡ್ ಮೇಷ್ಟ್ರು ಕೆಂಪರಾಜ್ ತಮ್ಮ ಶಾಲೆಯ ಫೈಲು ಹಿಡಿದು ಮೇಜಿನ ಪಕ್ಕ ನಿಂತಿದ್ದರು.

"ಹಳೇ ಪರ್ಸೆಂಟು ಎಷ್ಟಿದೆ?" ಅಂದರು ಡಾಕ್ಟರು.

"ತೊಂಬತ್ತು ಸಾರ್. ಆದ್ರೆ ಈಗ ಅವಳು..."

"ನಡೀತಾಳಾ?"

"ಇಲ್ಲ ಸಾರ್. ಮೊಣಕೈ ಊರಿ ತೆವಳ್ತಾಳೆ."

"ನಡೀತಾಳಾ ಅಂತ ಕೇಳಿದ್ದು." ಒಂದು ಗೆರೆ ಎಳೆದರು. "ಮಾತು?"

"ಕಣ್ಣಲ್ಲಿ ಹೇಳ್ತಾಳೆ. ಅಕ್ಷರ ತೋರಿಸಿ..."

"ಬಾಯಲ್ಲಿ ಅಮ್ಮ, ಬಾಯಲ್ಲಿ." ಇನ್ನೊಂದು ಗೆರೆ. "ಊಟ ನೀವೇ ತಿನ್ನಿಸ್ತೀರಲ್ವಾ?"

"ತಾನೇ ತಿಂತಾಳೆ ಸಾರ್. ಐವತ್ತು ನಿಮಿಷ ಬೇಕು."

ಆಗ ತಲೆ ಎತ್ತಿದರು. ಮೊದಲ ಸಲ ಅವಳನ್ನು ನೋಡಿದರು. ಕುರ್ಚಿಯಿಂದ ಏಳದೆ ಮೇಜಿನ ಆಚೆಯಿಂದಲೇ ಪೆನ್ನು ಚಾಚಿದರು. "ತಗೋ ಪುಟ್ಟಿ."

ಮೋನಿಷಾನ ಬಲಗೈ ಅಲುಗಿತು. ಎದ್ದಿತು. ಪೆನ್ನಿನವರೆಗೆ ಒಂದು ಗೇಣು ಇರುವಾಗ ನಿಂತಿತು. ಅವಳು ಆ ಕೈಯನ್ನು ಎಳೆದುಕೊಂಡು ತೊಡೆಯ ಸಂದಿಗೆ ತುರುಕಿಕೊಂಡಳು. ಕತ್ತು ಹಿಂದಕ್ಕೆ ವಾಲಿಸಿ ನನ್ನ ಮುಖ ನೋಡಿದಳು. ಜಾಣೆ ಅನ್ನುತ್ತೇನೆ ಅಂತ ಕಾಯುತ್ತಿದ್ದಳು.

ನಾಲ್ಕು ದಿನ ನಾನು ಹೇಳಿದ್ದು ತಲೆಗೆ ಹೋಗಿತ್ತು. ಮೂರು ವರ್ಷದ ಹಿಂದೆ ಹೊಡೆದದ್ದು ಕೈಯಲ್ಲಿ ಉಳಿದಿತ್ತು.

"ನೋಡಿದ್ರಾ" ಅಂದರು ಡಾಕ್ಟರು. ಸಿಟ್ಟಿಲ್ಲದೆ ಅಂದರು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. "ತಾಯಂದಿರಿಗೆ ಆಸೆ ಇರುತ್ತೆ. ಈ ಲೆವೆಲ್ ಮಕ್ಕಳು ಇಂಪ್ರೂವ್ ಆಗಲ್ಲ ಅಮ್ಮ. ಮನೇಲೇ ಚೆನ್ನಾಗಿ ನೋಡ್ಕೊಳ್ಳಿ."

"ಸಾರ್, ಕೆಳಗೆ ಕೂರಿಸ್ತೀನಿ. ನೆಲದ ಮೇಲೆ ನೋಡಿ. ಐದು ನಿಮಿಷ."

"ಇನ್ನೂ ಅರವತ್ತು ಮಕ್ಕಳಿದಾರೆ."

"ಅವಳನ್ನ ಒಂದು ಸಲ ಮುಟ್ಟಿ ನೋಡಿ ಸಾರ್. ಕಾಲು ಬಿಡ್ಸಿ ನೋಡಿ."

ಅವರು ಮೋನಿಷಾ ಕಡೆ ನೋಡಲಿಲ್ಲ. ಗಡಿಯಾರ ನೋಡಿದರು. "ನೆಕ್ಸ್ಟ್" ಅಂದರು.

ಕೆಂಪರಾಜ್ ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. ಅದು ಮೊದಲೇ ತುಂಬಿತ್ತು. ಹೆಸರು, ತರಗತಿ, ಗೃಹಾಧಾರಿತ ಶಿಕ್ಷಣಕ್ಕೆ ಶಿಫಾರಸು. ಕೆಳಗೆ ಪೋಷಕರ ಒಪ್ಪಿಗೆ ಅಂತ ಒಂದು ಚೌಕ. ತಪಾಸಣೆಗೆ ಮುಂಚೆಯೇ ಬರೆದ ಶಾಯಿ, ಒಣಗಿತ್ತು.

"ಸಹಿ ಹಾಕಮ್ಮ. ಡಾಕ್ಟ್ರೂ ಹೇಳಿದ್ರಲ್ಲ. ಇನ್ನು ಐದು ವರ್ಷ ನಿನಗೂ ತೊಂದ್ರೆ ಇಲ್ಲ, ನಮಗೂ ಇಲ್ಲ."

"ಹಾಕಲ್ಲ ಸಾರ್."

"ಏನು?"

"ಒಪ್ಪಿಗೆ ಇಲ್ಲ. ಅವಳಿಗೆ ಬರುತ್ತೆ. ಇವರು ನೋಡ್ಲಿಲ್ಲ."

ಕೆಂಪರಾಜ್ ನಕ್ಕರು. ನಕ್ಕು ಸುತ್ತ ನೋಡಿದರು, ಕೇಳುವವರಿದ್ದಾರಾ ಅಂತ. "ಎಲ್ಲಾ ಬರುತ್ತೆ ಅಂತೀಯಾ. ಹಂಗಾದ್ರೆ ಈ ತೊಂಬತ್ತು ಪರ್ಸೆಂಟು ಹೆಂಗೆ ಬಂತು? ಅವತ್ತು ಸುಳ್ಳು ಹೇಳಿ ಸರ್ಕಾರದ ದುಡ್ಡು ತಿಂದ್ಯಾ? ಇದು ನಿಜಾನಾ, ಅದು ನಿಜಾನಾ, ಒಂದು ಹೇಳು. ಬೇಕಾದ್ರೆ ಬರ್ಕೊಡು. ನಾನೇ ಮೇಲಕ್ಕೆ ಕಳಿಸ್ತೀನಿ."

ಇದಕ್ಕೇ ನಾನು ಹೆದರಿದ್ದು. ಮೇಷ್ಟ್ರನ್ನು ನೋಡುವ ಮುಂಚೆ ನಾಲ್ಕು ದಿನ ಮಾತು ಜೋಡಿಸುವಾಗ ಇದೊಂದು ಪ್ರಶ್ನೆ ಬರದಿರಲಿ ಅಂತ ಸುತ್ತಿ ಸುತ್ತಿ ಜೋಡಿಸಿದ್ದೆ. ಬಂತು. ಕಾರ್ಡು ಹೋಗಬಹುದು. ಪಿಂಚಣಿ ಹೋಗಬಹುದು. ಕೇಸೂ ಆಗಬಹುದು. ಶಾಲೆಯೂ ಸಿಗದೆ ಇರಬಹುದು.

"ಬರ್ಕೊಡ್ತೀನಿ" ಅಂದೆ.

ಮೆಟ್ಟಿಲ ಕೆಳಗಿನಿಂದ ಅಮ್ಮಯಮ್ಮ ಹಲ್ಲು ಕಚ್ಚಿ ಹೇಳಿದಳು, "ಬಾಯಿ ಮುಚ್ಕೊಂಡು ಕೆಳಗಿಳಿಯೇ." ಸಾಲಿನಲ್ಲಿದ್ದ ಇನ್ನೊಬ್ಬ ಹೆಂಗಸು ಜೋರಾಗಿಯೇ ಅಂದಳು, "ಇವಳು ಒಬ್ಳು ಓದವ್ಳೆ ಅಂತ ನಮ್ಮೆಲ್ಲರ ಮಕ್ಕಳ ಬಾಯಿಗೆ ಮಣ್ಣು ಹಾಕ್ತಾಳೆ." ಅವರ ಮಾತು ಸುಳ್ಳಲ್ಲ.

ಮೋನಿಷಾನ ಕುರ್ಚಿಯಿಂದ ಇಳಿಸಿ ವೇದಿಕೆಯ ನೆಲದ ಮೇಲೆ ಕೂರಿಸಿದೆ. ಅವಳು ಒಂದು ಕೈ ಊರಿ ಕೂತಳು. ಡಾಕ್ಟರು ಇನ್ನೊಂದು ಪೆನ್ನಿನಲ್ಲಿ ಮುಂದಿನ ಮಗುವಿನ ಹೆಸರು ಬರೆಯುತ್ತಿದ್ದರು. ಅವರು ಚಾಚಿದ ಪೆನ್ನು ಮೇಜಿನ ಅಂಚಿನಲ್ಲೇ ಇತ್ತು. ತೆಗೆದುಕೊಂಡೆ. ಪೋಷಕರ ಒಪ್ಪಿಗೆ ಅನ್ನುವ ಚೌಕದಲ್ಲಿ ಬರೆದೆ. ಚೌಕ ಸಾಲಲಿಲ್ಲ. ಹಾಳೆ ತಿರುಗಿಸಿ ಹಿಂದೆ ಬರೆದೆ.

ಮೋನಿಷಾ ನೆಲದ ಮೇಲೆ ಒಂದು ಕೈ ಊರಿ ಕೂರುತ್ತಾಳೆ. ಮೊಣಕೈ ಊರಿ ಅಡಿಗೆಮನೆಯಿಂದ ಹೊಸ್ತಿಲವರೆಗೆ ತೆವಳುತ್ತಾಳೆ. ದಪ್ಪ ಹಿಡಿಯ ಚಮಚದಲ್ಲಿ ಉಣ್ಣುತ್ತಾಳೆ. ಅಕ್ಷರ ತೋರಿಸಿ ಮಾತು ಕಟ್ಟುತ್ತಾಳೆ. ಇವುಗಳಲ್ಲಿ ಒಂದನ್ನೂ ಇಂದು ನೋಡಿಲ್ಲ. ಮಗುವನ್ನು ಐದು ಗಂಟೆ ಕಾಯಿಸಿ ಎರಡು ನಿಮಿಷ ನೋಡಲಾಗಿದೆ. ಡಾಕ್ಟರು ಮಗುವನ್ನು ಮುಟ್ಟಿಲ್ಲ. ಮಗುವನ್ನು ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಮೂರು ವರ್ಷದ ಹಿಂದೆ ಕ್ಯಾಂಪಿನಲ್ಲಿ ಕೈ ಎತ್ತಬಾರದು ಎಂದು ಹೊಡೆದು ಕಲಿಸಿದವಳು ನಾನು. ಅದಕ್ಕೆ ಅವಳು ಇಂದು ಪೆನ್ನು ತೆಗೆದುಕೊಳ್ಳಲಿಲ್ಲ. ಆ ತಪ್ಪು ನನ್ನದು. ಆ ತಪ್ಪಿಗೆ ಅವಳನ್ನು ಮನೆಯಲ್ಲಿ ಕೂರಿಸಲು ನನ್ನ ಒಪ್ಪಿಗೆ ಇಲ್ಲ.

ಹೆಸರು ಬರೆದು ಸಹಿ ಹಾಕಿದೆ. ನನ್ನ ಅಕ್ಷರ ಯಾವಾಗಲೂ ದುಂಡಗಿರುತ್ತದೆ. ಅವತ್ತು ಇರಲಿಲ್ಲ. ಫೋನಿನಲ್ಲಿ ಹಾಳೆಯ ಎರಡೂ ಕಡೆ ಫೋಟೋ ತೆಗೆದುಕೊಂಡೆ. ಕೆಂಪರಾಜ್ ಓದಿದರು. ನಗು ಹೋಗಿತ್ತು.

"ಇದು ನಿನ್ನ ಕುತ್ತಿಗೆಗೇ ಬರುತ್ತೆ."

"ಬರ್ಲಿ ಸಾರ್. ಸೋಮವಾರ ಕ್ಲಾಸಿಗೆ ಕರ್ಕೊಂಡು ಬರ್ತೀನಿ."

ಮನೆಯಲ್ಲಿ ಹೇಳಿದೆ. ಅಂಬರೀಶ್ ತಟ್ಟೆ ಬಿಟ್ಟು ಎದ್ದುಹೋದರು. ಅತ್ತೆ ಬೈದರು. ನನ್ನನ್ನು, ನನ್ನ ತವರನ್ನು, ನನಗೆ ಓದು ಕಲಿಸಿದವರನ್ನು ಬೈದರು. ಭಾನುವಾರ ಸಂಜೆ ಪೆಟ್ಟಿಗೆಯಿಂದ ಯೂನಿಫಾರಂ ತೆಗೆದು ಬಿಸಿಲಿಗೆ ಹಾಕಿದ್ದೂ ಅವರೇ.

ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಶಾಲೆಗೆ ಹೋದೆ. ಗೇಟಿನ ಬಳಿ ಯಾರಿದ್ದಾರೆ, ಜಗಲಿಯಲ್ಲಿ ಯಾರಿದ್ದಾರೆ, ತಡೆದರೆ ಯಾವ ಕಡೆಯಿಂದ ತಡೆಯುತ್ತಾರೆ ಅಂತ ನೋಡಿಕೊಂಡೆ. ಯಾರೂ ತಡೆಯಲಿಲ್ಲ. ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದರು. ನಾಲ್ಕನೇ ತರಗತಿಯ ಬಾಗಿಲಿಗೆ ಹತ್ತು ಹನ್ನೆರಡು ಅಡಿ ದೂರದಲ್ಲಿ, ಜಗಲಿಯ ಸಿಮೆಂಟಿನ ಮೇಲೆ ಮೋನಿಷಾನ ಇಳಿಸಿದೆ. ಹೊಟ್ಟೆಯ ಮೇಲೆ ಮಲಗಿಸಿ ಎರಡೂ ಮೊಣಕೈಯನ್ನು ಎದೆಯ ಕೆಳಗೆ ಸರಿಮಾಡಿದೆ. "ಹೋಗು" ಅಂದೆ.

ಕೆಂಪರಾಜ್ ಆಫೀಸಿನಿಂದ ಬೇಗಬೇಗ ಬಂದರು. ತರಗತಿಯ ಬಾಗಿಲಿಗೆ ಅಡ್ಡ ನಿಂತರು.

"ಕಾಗದ ಬಂದಿಲ್ಲ."

"ಹಾಜರೀಲಿ ಹೆಸರಿದೆ ಸಾರ್."

"ಎತ್ಕೋ ಮಗೂನ."

"ಎತ್ಕೊಳಲ್ಲ."

ಅವಳು ಹೊರಟಿದ್ದಳು. ಬಲ ಮೊಣಕೈ ಮುಂದೆ, ಮೈ ಎಳೆ, ನಿಲ್ಲು. ಎಡ ಮೊಣಕೈ ಮುಂದೆ, ಮೈ ಎಳೆ, ನಿಲ್ಲು. ಕಾಲು ಹಿಂದೆ ಕಟ್ಟಿದ ಸೌದೆಯ ಹಾಗೆ ಬರುತ್ತವೆ. ಹೊಸ ಬಟ್ಟೆ ಸಿಮೆಂಟಿಗೆ ಉಜ್ಜಿ ಸದ್ದಾಗುತ್ತಿತ್ತು. ಒಳಗಿನ ಮಕ್ಕಳು ಎದ್ದು ನಿಂತು ನೋಡುತ್ತಿದ್ದರು. ಒಬ್ಬ ಹುಡುಗಿ, "ಸಾರ್, ಬರ್ತಾ ಇದಾಳೆ" ಅಂದಳು.

"ಯಾರಾದ್ರೂ ಎತ್ರೋ ಇದನ್ನ" ಅಂದರು ಕೆಂಪರಾಜ್.

ಅಡಿಗೆಯವಳು ತರಕಾರಿಯ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿ ಕೆಳಗಿಡಲಿಲ್ಲ. ನಾಲ್ಕನೇ ತರಗತಿಯ ಮೇಷ್ಟ್ರು ಪುಸ್ತಕ ನೋಡಿಕೊಂಡರು. ಯಾರೂ ಬಾಗಲಿಲ್ಲ.

ಮೋನಿಷಾ ಬಾಗಿಲಿಗೆ ಬಂದಳು. ಅವರ ಶೂ ಅವಳ ಮುಖದ ಮುಂದಿತ್ತು. ನಿಂತಳು. ಆಯಾಸಕ್ಕೆ ಬಾಯಿಂದ ಜೊಲ್ಲು ಇಳಿದು ಶೂ ಪಕ್ಕದಲ್ಲಿ ಬಿತ್ತು. ಕತ್ತು ಎತ್ತಲು ನೋಡಿದಳು. ಅವರ ಮಂಡಿಯವರೆಗೆ ಮಾತ್ರ ಕಂಡಿರಬೇಕು.

ಅವಳನ್ನು ತಡೆಯುವುದು ಕಷ್ಟವಾಗಿರಲಿಲ್ಲ. ಹತ್ತೊಂಬತ್ತು ಕಿಲೋ. ಬಗ್ಗಿ, ಎರಡೂ ಕಂಕುಳಿಗೆ ಕೈ ಹಾಕಿ, ಎತ್ತಿ ಹೊರಗಿಟ್ಟರೆ ಮುಗಿಯಿತು. ಎತ್ತಿದ್ದರೆ ನಾನು ಏನೂ ಮಾಡಲು ಆಗುತ್ತಿರಲಿಲ್ಲ. ಅವರು ಬಗ್ಗುವವರ ಹಾಗೆ ಸ್ವಲ್ಪ ಬಾಗಿದರು. ಕೈ ಅರ್ಧ ಇಳಿಯಿತು. ಅಲ್ಲೇ ನಿಂತಿತು. ಜಗಲಿಯಲ್ಲಿದ್ದ ಎಲ್ಲರೂ ಆ ಕೈ ನೋಡುತ್ತಿದ್ದೆವು.

ಮೋನಿಷಾ ಇನ್ನೊಂದು ಮೊಣಕೈ ಮುಂದಿಟ್ಟಳು. ಅದು ಅವರ ಶೂಗೆ ತಾಗುವುದಕ್ಕೆ ಎರಡು ಬೆರಳಿನಷ್ಟು ದೂರ ಇತ್ತು.

ಅವರು ಕಾಲು ಹಿಂದಕ್ಕೆ ತೆಗೆದರು. ಆಮೇಲೆ ಇನ್ನೊಂದು ಕಾಲು. ಮೈಗೆ ಮೈ ಸೋಕದ ಹಾಗೆ ಪ್ಯಾಂಟಿನ ಮಡಿಕೆ ಹಿಡಿದುಕೊಂಡು ಗೋಡೆಗೆ ಒತ್ತಿ ನಿಂತರು.

ಅವಳು ಒಳಗೆ ಹೋದಳು.